ಹೊಂಗೆಮರದ ಸುದ್ದಿ ಹುಟ್ಟಿದ್ದೆಲ್ಲಿ?

ನಮ್ಮ ಬೀದಿಯ ಹೊಂಗೆಮರ ಕಡಿಯುತ್ತಾರೆಂದು ಹೋದ ವಾರ ಇಲ್ಲಿ ಕೂಗಾಡಿದ್ದೆನಲ್ಲ, ಇವತ್ತು ಅದರ ವಿಚಾರಣೆ ಆಯಿತು, ಗೆಳೆಯರೇ. ಪತ್ರಿಕೋದ್ಯಮ ಓದುವ ಹುಡುಗಿಯೊಬ್ಬಳು ಚಾಮರಾಜಪೇಟೆಯ ನಮ್ಮ ಮನೆಗೇ ಬಂದಳು. ಆನ್‌ಲೈನ್ ಸುದ್ದಿಯೊಂದರ ಮೂಲ ಹುಡುಕುವುದು ಅವಳ ಅಸೈನ್‌ಮೆಂಟ್.

"ನಾಲ್ಕು ವೆಬ್‌ಸೈಟಲ್ಲಿ ಬಂದಿದೆ ಸರ್. ಎಲ್ಲಾ ನಿಮ್ಮ ಪೋಸ್ಟ್ ನೋಡಿ ಬರೆದಿರೋದೇ. ನಿಮಗೆ ಯಾರು ಹೇಳಿದ್ದು?"

"ಮೂಲೇಲಿ ಹೂ ಮಾರೋ ಗೌರಮ್ಮ."

ಇಬ್ಬರೂ ಅಲ್ಲಿಗೆ ಹೋದೆವು. ಗೌರಮ್ಮ ಮಲ್ಲಿಗೆ ಮೊಳ ಹಾಕುತ್ತಲೇ ಹೇಳಿದರು: "ನೀವೇ ಅಲ್ವಾ ಸಾರ್, ಮರಕ್ಕೆ ನಂಬರ್ ಹಾಕವ್ರೆ, ಕಡೀತಾರಾ ಅಂತ ಕೇಳಿದ್ದು? ನಾನು ಎಲ್ರಿಗೂ ಕಡೀತಾರಂತೆ ಅಂದೆ. ಮಾರನೇ ದಿನ ನಿಮಗೂ ಅಂದೆ."

ಹುಡುಗಿ ನಗಲಿಲ್ಲ, ಪಾಪ. ಅಲ್ಲಿಂದಲೇ ವಾರ್ಡ್ ಆಫೀಸಿಗೆ ಫೋನ್ ಮಾಡಿದಳು. ಆ ನಂಬರು ಬರೀ ಮರ ಎಣಿಸುವುದಕ್ಕಂತೆ. ಆ ನಾಲ್ಕರಲ್ಲಿ ಒಂದು ವೆಬ್‌ಸೈಟಿಗೂ ಫೋನ್ ಮಾಡಿ ತಿಳಿಸಿದಳು.

"ಏನಂದ್ರಮ್ಮ?"

"ಕಡಿಯಲ್ಲ ಅನ್ನೋದು ಸುದ್ದಿ ಅಲ್ವಂತೆ ಸರ್."

ಈ ಪೋಸ್ಟನ್ನು ಹಾಕುವ ಮೊದಲು ಅವಳಿಗೆ ಓದಲು ಕಳಿಸಿದ್ದೆ. ಎರಡು ಸಾಲು ತೋರಿಸಿ, "ಇದನ್ನ ಯಾರು ಹೇಳಿದ್ದು ಸರ್?" ಎಂದಳು. ಹೊಡೆದುಹಾಕಿದ್ದೇನೆ.