ಕೂತ ಮೇಲೆ ಬಿಗಿಯುವ ಬೋಲ್ಟು

ಬೆಳಗಿನ ಆರು ಗಂಟೆ. ಅಮೆರಿಕದ ಟೊಲೀಡೊ ಊರಿನ ಲಗ್ರೇಂಜ್ ಬೀದಿಯಲ್ಲಿ ದೀಪ ಉರಿಯುತ್ತಿರುವುದು ಬೇಕರಿಯಲ್ಲಿ, ಅದು ಬಿಟ್ಟರೆ ವಾಂಡಾ ಜೆಲಿನ್ಸ್ಕಿಯವರ ಕಾರಿನ ಸ್ಪ್ರಿಂಗ್ ಮಾಡುವ ಶೆಡ್ಡಿನಲ್ಲಿ. ಅರವತ್ತೊಂದು ವರ್ಷದ ವಾಂಡಾ ತಣ್ಣನೆಯ ನೆಲದ ಮೇಲೆ ಮಂಡಿಯೂರಿ ಟೇಪು ಹಿಡಿದಿದ್ದಾರೆ. ಅಳೆಯುತ್ತಿರುವುದು ಕಾರನ್ನಲ್ಲ, ಒಂದು ಗಾಲಿಕುರ್ಚಿಯನ್ನು.

"ಹತ್ತೊಂಬತ್ತು ಇಂಚು."

"ಸ್ಪ್ರಿಂಗ್ ಹಾಕೋದು ಕಾರಿಗಾ, ನನಗಾ?" ಕುರ್ಚಿಯಲ್ಲಿ ಕೂತ ಓಡೆಲ್ ಹ್ಯಾಚರ್ ಕೇಳುತ್ತಾರೆ.

"ನಿನಗೆ ಹಾಕಿದ್ರೆ ಉಕ್ಕು ದಂಡ, ಮಾರಾಯ."

ಓಡೆಲ್ ಗಾಜಿನ ಕಾರ್ಖಾನೆಯ ಕುಲುಮೆಯ ಮುಂದೆ ಮೂವತ್ತು ವರ್ಷ ದುಡಿದವರು. ಸಕ್ಕರೆ ಕಾಯಿಲೆ ಎರಡು ವರ್ಷದ ಹಿಂದೆ ಅವರ ಎಡಗಾಲನ್ನು ತೆಗೆದುಕೊಂಡಿತು. ಹೊರಗೆ ನಿಂತಿರುವುದು ಅವರ 1970ರ ಪ್ಲಿಮತ್ ಡಸ್ಟರ್: ಎರಡೇ ಬಾಗಿಲು, ದೊಡ್ಡ ಎಂಜಿನ್, ಗೇರು ತಾನಾಗಿ ಬದಲಾಗುವ ಗಾಡಿ. ಓಡಿಸಲು ಬಲಗಾಲು ಸಾಕು. ತೊಡಕಿರುವುದು ಇಳಿಯುವುದರಲ್ಲಿ. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಕಟ್ಟಿದ ಹಿಂದಿನ ಸ್ಪ್ರಿಂಗ್‌ಗಳು ಕುಸಿದುಹೋಗಿ, ಕಾರಿನ ಸೀಟು ಗಾಲಿಕುರ್ಚಿಗಿಂತ ಎರಡು ಇಂಚು ಕೆಳಗಿದೆ. ಕುರ್ಚಿಯಿಂದ ಸೀಟಿಗೆ ಜಾರಬಹುದು. ಸೀಟಿನಿಂದ ಮೇಲೆ ಬರಲು ಮಗಳು ಶರೀಸ್ ಕಂಕುಳಿಗೆ ಕೈಕೊಟ್ಟು ಎಳೆಯಬೇಕು.

ಹೋದ ವರ್ಷ ಗೆಳೆಯರೊಬ್ಬರು ದಪ್ಪ ಸ್ಪ್ರಿಂಗ್ ಹಾಕಿಕೊಟ್ಟರು. ಕಾರಿನ ಹಿಂಭಾಗ ಬಾಲ ಎತ್ತಿದ ಬೆಕ್ಕಿನಂತಾಯಿತು, ಸೀಟು ಕುರ್ಚಿಗಿಂತ ಮೇಲೆ ಹೋಯಿತು. ಹತ್ತಲು ಹೋದ ಓಡೆಲ್ ಕುರ್ಚಿಗೂ ಕಾರಿಗೂ ನಡುವೆ ಬಿದ್ದರು. ಮತ್ತೆ ಹಳೆಯವನ್ನೇ ಹಾಕಿಸಿಕೊಂಡರು.

"ಈ ಸಲವೂ ಆಗ್ಲಿಲ್ಲ ಅಂದ್ರೆ ಮಾರಿಬಿಡ್ತೀನಿ," ಎನ್ನುತ್ತಾರೆ ಓಡೆಲ್. "ಅವಳು ನನ್ನ ಎಳೆಯೋವಾಗ ನಾವಿಬ್ರೂ ಮಾತಾಡಲ್ಲ. ಅದನ್ನ ತಡ್ಕೊಳ್ಳೋಕಾಗಲ್ಲ."

ಕುರ್ಚಿಯ ಹಿಂದೆ ನಿಂತ ಶರೀಸ್ ಕಿಟಕಿಯ ಕಡೆ ನೋಡುತ್ತಾಳೆ.

ವಾಂಡಾ ಈ ಕಸುಬು ಕಲಿತದ್ದು ತಂದೆಯಿಂದ. ತಂದೆ ತೀರಿಕೊಂಡ ಮೇಲೆ ಬಂದ ಗಿರಾಕಿಗಳೆಲ್ಲ "ಯಜಮಾನ್ರು ಎಲ್ಲಿ?" ಎಂದು ಇವರ ತಲೆಯ ಮೇಲಿಂದ ಶೆಡ್ಡಿನೊಳಗೆ ಇಣುಕುತ್ತಿದ್ದರಂತೆ. "ನಾನೂ ಹಿಂದೆ ತಿರುಗಿ ನೋಡ್ತಿದ್ದೆ. 'ಯಾರೂ ಕಾಣ್ತಿಲ್ಲ, ನನ್ನ ಹತ್ರಾನೇ ಹೇಳಿ' ಅಂತಿದ್ದೆ." ದಿನಕ್ಕೆ ಎರಡು ಜೊತೆ ಸ್ಪ್ರಿಂಗ್, ಒಂದೊಂದೂ ನಲವತ್ತು ಪೌಂಡ್ ತೂಕ. ಹತ್ತು ಜನ ಫೋನ್ ಮಾಡಿದರೆ ಮೂವರಿಗೆ ಇವರೇ ಬೇಡ ಎನ್ನುತ್ತಾರೆ. ಕಾರು ಯಾವುದು ಎಂದು ಮಾತ್ರ ಹೇಳಿ, ಅದರಲ್ಲಿ ಯಾರು ಕೂರುತ್ತಾರೆ ಎಂದು ಹೇಳಲಾರದವರಿಗೆ.

ಗೋಡೆಗೆ ಮೂರು ಬಗೆಯ ಸ್ಪ್ರಿಂಗ್‌ಗಳು ಒರಗಿವೆ. ಪಂದ್ಯದ ಜೋಡಿಯಲ್ಲಿ ಬಲಗಡೆಯದು ಹೆಚ್ಚು ಬಿಗಿ. ಎಂಜಿನ್ ಒಮ್ಮೆಲೇ ಜಗ್ಗುವಾಗ ಕಾರು ಓರೆಯಾಗದಿರಲೆಂದು ಹಾಗೆ ಮಾಡಿರುತ್ತಾರೆ. "ಇದು ಹಾರೋರಿಗೆ," ಎಂದು ವಾಂಡಾ ಅದನ್ನು ಬದಿಗೆ ಸರಿಸುತ್ತಾರೆ. ಆರು ಪಟ್ಟಿಯದು ಭಾರ ಹೊರುವವರಿಗೆ. ಉಳಿದದ್ದು ಐದು ಪಟ್ಟಿಯದು, ಕಾರು ಹುಟ್ಟಿದಾಗ ಇದ್ದ ಎತ್ತರದ್ದು.

"ಹಿಂದೆ ಎರಡು ಇಂಚು ಎತ್ತಿದ್ರೆ ಸೀಟಿನ ಹತ್ರ ಒಂದೇ ಇಂಚು ಏಳೋದು. ಇನ್ನೊಂದು ಇಂಚು ನಿನ್ನ ಕುರ್ಚಿಯಲ್ಲೇ ಇದೆ. ಆ ಮೆತ್ತೆ ತೆಳ್ಳಗೆ ಮಾಡ್ಕೊ."

"ಇರೋ ಒಂದು ಸುಖಾನೂ ಕಿತ್ಕೊಳ್ಳು."

ಮಧ್ಯಾಹ್ನದ ಹೊತ್ತಿಗೆ ಐದು ಪಟ್ಟಿಯ ಹೊಸ ಸ್ಪ್ರಿಂಗ್ ಕೂತಿದೆ, ಕುರ್ಚಿಯ ಮೆತ್ತೆ ತೆಳ್ಳಗಾಗಿದೆ, ಬೋಲ್ಟುಗಳು ಇನ್ನೂ ಸಡಿಲ. ಕಾರು ಶೆಡ್ಡಿನ ನೆಲದಲ್ಲಿ ತೋಡಿದ ರಿಪೇರಿ ಗುಂಡಿಯ ಮೇಲೆ ತನ್ನ ನಾಲ್ಕು ಗಾಲಿಗಳಲ್ಲೇ ನಿಂತಿದೆ. ವಾಂಡಾ ಮಂಡಿ ಹಿಡಿದುಕೊಂಡು ಗುಂಡಿಗೆ ಇಳಿಯುತ್ತಾರೆ. ನಿಮಗೇನು ಬೇಕು ಎಂದು ಬೆಳಿಗ್ಗೆ ಶರೀಸ್ ಕೇಳಿದ್ದಕ್ಕೆ, "ಈ ಗುಂಡಿಗೆ ಒಂದು ಮೆಟ್ಟಿಲು ಕಮ್ಮಿ ಇದ್ದಿದ್ರೆ ಸಾಕಿತ್ತು" ಎಂದಿದ್ದರು.

"ಓಡೆಲ್, ಒಳಗೆ ಕೂತ್ಕೊ. ನೀನು ಕೂರದೆ ನಾನು ಬಿಗಿಯಲ್ಲ."

ಬೋಲ್ಟಿನ ಸುತ್ತ ರಬ್ಬರಿನ ಬಳೆಯಿದೆ. ಕಾರನ್ನು ಎತ್ತಿ, ಗಾಲಿ ನೇತಾಡುವಾಗಲೇ ಬಿಗಿದರೆ ರಬ್ಬರು ತಿರುಚಿಕೊಂಡು ಕಾರನ್ನು ಪೂರ್ತಿ ಇಳಿಯಗೊಡುವುದಿಲ್ಲ. ಹೋದ ವರ್ಷ ಓಡೆಲ್‌ರ ಗೆಳೆಯರು ಮಾಡಿದ್ದೂ ಅದೇ ಇರಬೇಕು ಎಂಬುದು ವಾಂಡಾ ಊಹೆ. ಬೈಯುವುದಿಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ತಾವೂ ಅವಸರದಲ್ಲಿ ಹಾಗೇ ಬಿಗಿದಿದ್ದರು. "ಅಪ್ಪ ಒಂದು ಮಾತೂ ಆಡ್ಲಿಲ್ಲ. ಬಾಲ ಎತ್ತಿದ ಆ ಕಾರನ್ನ ಎಲ್ರಿಗೂ ಕಾಣೋ ಹಾಗೆ ಸಂಜೆವರೆಗೆ ಬಾಗಿಲ ಮುಂದೆ ನಿಲ್ಲಿಸಿದ್ರು, ಅಷ್ಟೇ."

ಓಡೆಲ್ ಜಾರಿ ಕೂರುತ್ತಾರೆ. ಕೆಳಗೆ ಪಾನಾ ತಿರುಗುವ ಸದ್ದು, ಒಂದು ಕಡೆ, ಆಮೇಲೆ ಇನ್ನೊಂದು ಕಡೆ.

"ಆಯ್ತು. ಇಳಿ."

ಶರೀಸ್ ಅಭ್ಯಾಸಬಲದಿಂದ ಬಾಗಿಲಿನತ್ತ ಹೆಜ್ಜೆ ಇಡುತ್ತಾಳೆ.

"ಶರೀಸ್, ಆ ಮೂಲೇಲಿ ಒರೆಸೋ ಬಟ್ಟೆ ಇದೆ, ತರ್ತೀಯಾ?"

"ಈಗ್ಲೇ ಬೇಕಾ, ಮಿಸ್ ವಾಂಡಾ?"

"ಈಗ್ಲೇ."

ಅವಳು ಹೋಗುತ್ತಾಳೆ. ಮೇಲೆ ಏನು ನಡೆಯುತ್ತಿದೆ ಎಂಬುದು ಗುಂಡಿಯಿಂದ ಕಾಣುವುದಿಲ್ಲ, ವಾಂಡಾ ನೋಡಲು ಪ್ರಯತ್ನಿಸುವುದೂ ಇಲ್ಲ. ಕುರ್ಚಿಯ ತೋಳಿನ ಮೇಲೆ ಅಂಗೈ ಬಿದ್ದ ಸದ್ದು. ಒಂದು ದೀರ್ಘ ಉಸಿರು. ಆಮೇಲೆ ಏನೂ ಇಲ್ಲ. ವಾಂಡಾರ ಕಣ್ಣು ಎಡಗಡೆಯ ಸ್ಪ್ರಿಂಗಿನ ಮೇಲೇ ನೆಟ್ಟಿದೆ.

ಪಟ್ಟಿಗಳು ಸಣ್ಣಗೆ ಕಿರುಗುಡುತ್ತವೆ. ಭಾರ ಇಳಿದು ಸ್ಪ್ರಿಂಗಿನ ಕಮಾನು ಒಂದು ನೂಲಿನಷ್ಟು ಮೇಲೇಳುತ್ತದೆ.

"ಎದ್ದ," ಎನ್ನುತ್ತಾರೆ ವಾಂಡಾ, ತಮಗಷ್ಟೇ ಕೇಳುವಂತೆ.