ಡಾಕ್ಟರ ಪಾಲಿನ ಜಾಡಿ

ಮಾವಿನ ಮಿಡಿ ಉಪ್ಪಿನಕಾಯಿ ಹಾಕುವ ದಿನ ಅಮ್ಮ ಜಾಡಿಗಳನ್ನೆಲ್ಲ ತೊಳೆದು ಬಿಸಿಲಿಗೆ ಸಾಲಾಗಿ ಕೂರಿಸಿ, ಒಂದರ ಮೇಲೂ ಹೆಸರು ಬರೆಯದೆ, ಯಾವುದು ಯಾರ ಪಾಲಿನದೆಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಡುತ್ತಿದ್ದಳು. ಹೊಟ್ಟೆ ದೊಡ್ಡದಿರುವುದು ಮನೆಗೆ. ಕುತ್ತಿಗೆ ಸಣ್ಣದಿರುವುದು ಸಾಗರದ ಕಾಲೇಜಿನಲ್ಲಿ ಪಾಠ ಹೇಳಿಕೊಂಡು ಒಬ್ಬಳೇ ಇರುವ ನನಗೆ. ಮುಚ್ಚಳದ ಅಂಚು ಒಡೆದದ್ದು ಚಿಕ್ಕಮ್ಮನಿಗೆ, ಏಕೆಂದರೆ ಚಿಕ್ಕಮ್ಮನ ಮೇಲೆ ಅವಳಿಗೆ ಹಳೆಯದೊಂದು ಮುನಿಸು. ಕಲೆಯಿಲ್ಲದ ಬಿಳಿ ಪಿಂಗಾಣಿಯ ಜಾಡಿ ಮಾತ್ರ ಡಾಕ್ಟರಿಗೆ. ಅದಕ್ಕೆ ಆರಿಸಿ ಹಾಕುವ ಮಿಡಿಗಳೂ ಬೇರೆ: ತೊಟ್ಟು ಮುರಿಯದವು, ಗಾತ್ರದಲ್ಲಿ ಒಂದಕ್ಕೊಂದು ಹೊಂದುವಂಥವು.

ನೀವು ನಮ್ಮ ಕಡೆಯವರಾದರೆ ಇದನ್ನು ವಿವರಿಸಬೇಕಾಗಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಯಾವ ಹಳೆಯ ಡಾಕ್ಟರ ಮನೆಯ ಅಡುಗೆಕೋಣೆಗೆ ಹೋದರೂ ಅರ್ಧ ತಾಲ್ಲೂಕಿನ ಜೇನು, ಸೌತೆಕಾಯಿ, ಹಪ್ಪಳಗಳು ಅಲ್ಲಿರುತ್ತವೆ. ಫೀಸು ಕೊಟ್ಟ ಮೇಲೂ ತೀರದೆ ಉಳಿಯುವುದೇನೋ ಇದೆಯೆಂದು ನಮ್ಮ ಜನ ನಂಬಿದ್ದಾರೆ. ನಮ್ಮ ಮನೆಯ ಮಟ್ಟಿಗೆ ಅದಕ್ಕೆ ಕಾರಣವೂ ಇತ್ತು. ತಮ್ಮನಿಗೆ ಚಿಕ್ಕಂದಿನಲ್ಲಿ ಮಂಗನ ಕಾಯಿಲೆ ಬಂದು, ಜ್ವರದ ತಾಪದಲ್ಲಿ ಅವನು ನಮ್ಮ ಗುರುತನ್ನೇ ಮರೆತಾಗ, ಆ ಡಾಕ್ಟರು ಮನೆಗೆ ಹೋಗದೆ ಅವನ ಮಂಚದ ಪಕ್ಕದಲ್ಲೇ ಕೂತಿದ್ದರು. ತಮ್ಮ ಬದುಕಿದ. ಅಂದಿನಿಂದ ಬಿಳಿ ಜಾಡಿ ಅವರದಾಯಿತು. ಅವರ ಕ್ಲಿನಿಕ್ಕು ಈ ಮೂರು ಊರುಗಳಲ್ಲಿ ಯಾವುದರಲ್ಲಿದೆ ಎಂದು ಮಾತ್ರ ಕೇಳಬೇಡಿ; ಇಲ್ಲಿ ಊರು ಹೇಳಿದರೆ ಬೀದಿ ಹೇಳಿದಂತೆ, ಬೀದಿ ಹೇಳಿದರೆ ಹೆಸರನ್ನೇ ಹೇಳಿದಂತೆ.

ಆ ವರ್ಷ ನಾನು ರಜೆಗೆಂದು ಹೊಸನಗರದ ಹತ್ತಿರದ ನಮ್ಮ ಮನೆಗೆ ಬಂದಿದ್ದೆ. ಬಿಡದ ಕೆಮ್ಮು. ಅಮ್ಮನೇ ಒತ್ತಾಯ ಮಾಡಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಅವಳು ಹೊರಗಿನ ಬೆಂಚಿನಲ್ಲಿ ಕೂತಳು, ನಾನು ಪರದೆಯ ಒಳಗೆ ಹೋದೆ. ಮುಂದಿನದನ್ನು ಬರೆಯುವಾಗ ನನ್ನ ಕೈ ನಿಧಾನವಾಗುತ್ತದೆ. ನಾಚಿಕೆಯಿಂದಲ್ಲ, ನೆನಪಿನ ಮೇಲೆ ನನಗಿರುವ ಅನುಮಾನದಿಂದ. ದಿನಾ ಸಂಜೆ ದಿನಚರಿ ಬರೆಯುವವಳು ನಾನು. ಹಾಗಾಗಿ, ಬೆಳಿಗ್ಗೆ ಕಂಡದ್ದು ಸಂಜೆಯ ಹೊತ್ತಿಗೆ ಎಷ್ಟು ಬದಲಾಗಿರುತ್ತದೆಂದು ನನಗೆ ಗೊತ್ತು. ಪರೀಕ್ಷೆಯೆಂದು ಶುರುವಾದದ್ದು ಪರೀಕ್ಷೆಯಾಗಿ ಉಳಿಯಲಿಲ್ಲ. ಅವರ ಕೈ ಇದ್ದ ಜಾಗಕ್ಕೂ ನನ್ನ ಕೆಮ್ಮಿಗೂ ಸಂಬಂಧವಿರಲಿಲ್ಲ. ಅದು ಮೈಗೆ ಮೊದಲು ಗೊತ್ತಾಯಿತು, ಬುದ್ಧಿಗೆ ಆಮೇಲೆ. "ಸಾಕು ಸರ್" ಎಂದೆ. ಎಂದೆನೆಂದು ನಂಬಿದ್ದೇನೆ. ಪರದೆಯ ಬಣ್ಣ ಹಸಿರೋ ನೀಲಿಯೋ ಈಗಲೂ ತಿಳಿಯದು. ಆದರೆ ಅವರು ಅಷ್ಟು ಹೊತ್ತೂ ತಮ್ಮನ ಆರೋಗ್ಯವನ್ನು ವಿಚಾರಿಸುತ್ತಲೇ ಇದ್ದರೆಂಬುದು ಮರೆತಿಲ್ಲ.

ಹೊರಗೆ ಬಂದಾಗ ಅಮ್ಮ, "ಎಂತ ಅಂದ್ರು?" ಎಂದಳು. "ಎಂತಿಲ್ಲ, ಸಿರಪ್ ಬರ್ದಿದಾರೆ" ಎಂದೆ.

ಮಿಡಿಗೆ ಖಾರ ಹಿಡಿದ ಮೇಲೆ, ನಾನು ಸಾಗರಕ್ಕೆ ಹೊರಟ ದಿನ, ಅಮ್ಮ ಬಿಳಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ನನ್ನ ಕೈಗಿತ್ತಳು. ದಾರಿಯಲ್ಲಿ ಇಳಿದು ಕೊಟ್ಟು ಹೋಗಬೇಕೆಂದಳು. ಇಲ್ಲ ಎನ್ನಲು ಕಾರಣ ಹೇಳಬೇಕಿತ್ತು. ಕಾರಣ ಹೇಳುವುದಕ್ಕಿಂತ ಜಾಡಿ ಹೊರುವುದು ಆಗ ಹಗುರವೆನಿಸಿತು. ಕ್ಲಿನಿಕ್ಕಿನ ಬಾಗಿಲಲ್ಲೇ ಅಲ್ಲಿಯ ಮ್ಯಾನೇಜರ್ ಸದಾನಂದನ ಕೈಗೆ ಕೊಟ್ಟು ಮುಂದಿನ ಬಸ್ಸು ಹಿಡಿದೆ. ಇಷ್ಟೇ ನಡೆದದ್ದು. ನಮ್ಮಲ್ಲಿ ಯಾರನ್ನು ಕೇಳಿದರೂ, ಪಾಲು ಕಳಿಸದೆ ಇರುವುದೇ ಒಂದು ಮಾತು. ಕಳಿಸುವುದು ಮಾತೇ ಅಲ್ಲ.

ಸುಮ್ಮನೆ ಇದ್ದುಬಿಡುತ್ತಿದ್ದೆನೇನೋ. ಮಳೆಗಾಲ ಕಳೆದ ಮೇಲೆ ಒಂದು ದಿನ ಅಮ್ಮ ಫೋನಿನಲ್ಲಿ, ತಮ್ಮನ ಹೆಂಡತಿಗೂ ಕೆಮ್ಮು ಹತ್ತಿದೆ, ನಾಳೆ ಡಾಕ್ಟರ ಹತ್ತಿರ ಕಳಿಸುತ್ತೇನೆ ಎಂದಳು. ಬೇಡ, ಸರ್ಕಾರಿ ಆಸ್ಪತ್ರೆಗೆ ಹೋಗಲಿ ಎಂದು ಕೂಗಿಕೊಂಡ ನನ್ನ ದನಿ ನನಗೇ ಅಪರಿಚಿತವಾಗಿತ್ತು. ಆ ವಾರವೇ ತೀರ್ಥಹಳ್ಳಿಗೆ ಹೋದೆ. ಅಲ್ಲಿ ನನ್ನ ಎಂ.ಎ. ಸಹಪಾಠಿ ವಸುಂಧರಾ ಇದ್ದಾಳೆ. ತೊಂದರೆಗೆ ಸಿಕ್ಕ ಹೆಂಗಸರ ಜೊತೆ ಠಾಣೆಗೆ, ಕೋರ್ಟಿಗೆ, ಆಸ್ಪತ್ರೆಗೆ ಹೋಗಿ ಬರುವುದು ಅವಳ ಕೆಲಸ. ಹೇಳಲು ಕೂತವಳು ಸುತ್ತಿ ಬಳಸಿ, ಕೊನೆಗೆ, "ಪರದೆ ಹಸಿರೋ ನೀಲಿಯೋ ಅನ್ನೋದೇ ನೆನಪಿಲ್ಲ ಕಣೇ, ನನ್ನ ಮಾತು ಯಾರು ನಂಬ್ತಾರೆ?" ಎಂದೆ.

"ಪರದೆ ಮೇಲೆ ದೂರು ಕೊಡ್ತಿದೀಯೇನೇ ಮಾರಾಯ್ತಿ?" ಎಂದಳು ವಸುಂಧರಾ. ನಾನು ನಕ್ಕುಬಿಟ್ಟೆ. ಅಷ್ಟು ತಿಂಗಳಲ್ಲಿ ಆ ವಿಷಯಕ್ಕೆ ಬಂದ ಮೊದಲ ನಗು ಅದು. ಅದರ ಹಿಂದೆಯೇ ಅಳುವೂ ಬಂತು. ಅವಳು ತಡೆಯಲಿಲ್ಲ. ಆಮೇಲೆ ಹೇಳಿದಳು: "ನೆನಪಿದ್ದಷ್ಟು ಹೇಳು. ಇಲ್ದಿದ್ದಕ್ಕೆ ಇಲ್ಲ ಅನ್ನು. ಖಾಲಿ ಇದ್ದ ಕಡೆ ನೀನೇ ತುಂಬೋಕೆ ಹೋಗ್ಬೇಡ. ಠಾಣೆಗೆ ಕೊಡಬಹುದು, ಡಾಕ್ಟ್ರುಗಳ ಮೇಲಿನ ಮಂಡಳಿಗೂ ಕೊಡಬಹುದು, ಎರಡೂ ಕಡೆ ಕೊಡಬಹುದು. ಬೇಡ ಅಂದ್ರೆ ಇವತ್ತು ಊಟ ಮಾಡಿ ಹೋಗು, ನಾನೇನೂ ಬೇಜಾರು ಮಾಡ್ಕಳಲ್ಲ."

ನಂಬುತ್ತೇನೆ ಎಂದು ಅವಳು ಬಾಯಿಬಿಟ್ಟು ಹೇಳಲೇ ಇಲ್ಲವೆಂಬುದು ಎಷ್ಟೋ ದಿನಗಳ ಮೇಲೆ ಹೊಳೆಯಿತು. ಹೇಳುವ ಅಗತ್ಯವೇ ಬೀಳದಂತೆ ನಡೆದುಕೊಂಡಿದ್ದಳು. ಠಾಣೆಗೂ ಮಂಡಳಿಗೂ ದೂರು ಕೊಟ್ಟೆ; ಠಾಣೆಗೆ ಹೋದ ದಿನ ಅವಳು ಪಕ್ಕದಲ್ಲಿದ್ದಳು. ನನ್ನ ಹೇಳಿಕೆಯನ್ನು ಬರೆದುಕೊಂಡ ಮಹಿಳಾ ಅಧಿಕಾರಿ ಕೇಳಿದ ಅನೇಕ ಪ್ರಶ್ನೆಗಳಿಗೆ ನಾನು "ನೆನಪಿಲ್ಲ" ಎಂದೆ. ಅದನ್ನೂ ಅವರು ಅಷ್ಟೇ ಶ್ರದ್ಧೆಯಿಂದ ಬರೆದುಕೊಂಡರು. ಕೊನೆಯಲ್ಲಿ, ಆಗ ಅಲ್ಲಿ ಬೇರೆ ಯಾರಿದ್ದರು ಎಂದರು. ನರ್ಸ್ ಇದ್ದಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಹೊರಗಿನ ಬೆಂಚಿನಲ್ಲಿ ನನ್ನ ಅಮ್ಮ ಇದ್ದಳು ಎಂದೆ. ಎಲ್ಲವೂ ಬಂದು ನಿಂತದ್ದು ಆ ಬೆಂಚಿನ ಹತ್ತಿರ.

ಅಮ್ಮನಿಗೆ ಹೇಳಿದಾಗ ಅವಳು ಅಕ್ಕಿ ಆರಿಸುತ್ತಿದ್ದಳು. ಆರಿಸುತ್ತಲೇ ಇದ್ದಳು.

"ಅವ್ರು ನಿನ್ನ ತಮ್ಮನ್ನ ಉಳ್ಸಿದೋರು" ಎಂದಳು.

"ಹೌದು. ಅದೂ ನಿಜ, ಇದೂ ನಿಜ."

"ಆಮೇಲೆ ಜಾಡಿ ತಗಂಡು ಹೋಗಿ ಕೊಟ್ಟು ಬಂದ್ಯಲ್ಲ? ಆವಾಗ ಎಂತ ಆಗಿರ್ಲಿಲ್ವಾ?"

ಆ ಪ್ರಶ್ನೆ ನನ್ನದೂ ಆಗಿತ್ತು. ಎಷ್ಟೋ ದಿನ ಅದನ್ನು ಕೇಳಿಕೊಂಡು, ಬಹುಶಃ ನಾನೇ ತಪ್ಪಾಗಿ ತಿಳಿದಿರಬೇಕು, ವೈದ್ಯಶಾಸ್ತ್ರದಲ್ಲಿ ಹಾಗೂ ಪರೀಕ್ಷೆ ಇರಬೇಕು ಎಂದು ನನ್ನನ್ನು ಒಪ್ಪಿಸಲು ನೋಡಿದ್ದೆ. ಓದಿದವರಿಗೆ ಇದೊಂದು ಅನುಕೂಲ: ತಮ್ಮ ಮೇಲೇ ವಾದ ಹೂಡಿ, ಎರಡೂ ಕಡೆಯ ವಕೀಲಿಕೆಯನ್ನು ತಾವೇ ಚೆನ್ನಾಗಿ ಮಾಡಿಕೊಳ್ಳಬಲ್ಲರು. ಅಮ್ಮ ಸಾಕ್ಷಿ ಹೇಳಲು ಬಾರದಿದ್ದರೂ ದೂರು ಬಿದ್ದುಹೋಗುವುದಿಲ್ಲ ಎಂದು ವಸುಂಧರಾ ಸಮಾಧಾನ ಹೇಳಿದಳು. ಆದರೆ ನನಗೆ ದೂರಿನ ಚಿಂತೆ ಅಷ್ಟಿರಲಿಲ್ಲ. ಅಮ್ಮ ನಂಬದೆ ಹೋದರೆ ಗೆದ್ದರೂ ಯಾವ ಮನೆಗೆ ಹಿಂತಿರುಗಲಿ? ಆಮೇಲೆ ಅಮ್ಮ ಫೋನು ಮಾಡುವುದನ್ನೇ ನಿಲ್ಲಿಸಿದಳು.

ಒಂದು ಭಾನುವಾರ ಮನಸ್ಸು ತಡೆಯದೆ ನಾನೇ ಊರಿಗೆ ಹೋದೆ. ಕೂತು ಚಹಾ ಕುಡಿಯುವಷ್ಟರಲ್ಲಿ ಅಂಗಳದಲ್ಲಿ ಸದಾನಂದನ ಬೈಕು ನಿಂತಿತು. ನಾನು ಒಳಗಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ಜಗಲಿಯಲ್ಲಿ ಕೂತು ಬೆಳೆ, ಬಿಸಿಲು ಎಲ್ಲ ಮಾತಾಡಿ, ಆಮೇಲೆ ವಿಷಯಕ್ಕೆ ಬಂದ.

"ಅಮ್ಮಾ, ದೊಡ್ಡ ಜಗಳ ಬ್ಯಾಡ. ವಿಚಾರಣೆ ದಿನ ನಾವು ಒಂದೇ ಮಾತು ಹೇಳದು. ಅದಾದ್ಮೇಲೂ ನಿಮ್ಮ ಮಗಳು ಉಪ್ಪಿನಕಾಯಿ ತಂದು ಕೊಟ್ಟಿದಾರೆ, ನಾನೇ ಈ ಕೈಯಲ್ಲಿ ಇಸ್ಕಂಡಿದೀನಿ. ಹಂಗೆ ಆಗಿದ್ರೆ ಯಾರಾದ್ರೂ ತರ್ತಾರಾ, ನೀವೇ ಹೇಳಿ."

ನಾನು ಒಳಗೆ ಲೋಟ ಹಿಡಿದು ಹಾಗೇ ನಿಂತೆ. ಅಮ್ಮ ಹೇಳಿದ್ದ ಮಾತೇ ಅವನ ಬಾಯಲ್ಲಿ ಬಂದಿತ್ತು.

"ನನ್ನ ಉಪ್ಪಿನಕಾಯಿ ನಿಮ್ಮ ಕಡೆ ಸಾಕ್ಷಿ ಹೇಳತ್ತೇನೋ?" ಎಂದಳು ಅಮ್ಮ.

"ಹಂಗಲ್ಲಮ್ಮ..."

"ಮತ್ತೆ ಹೆಂಗೆ? ಹಾಕ್ದೋಳು ನಾನು, ಕಳ್ಸಿದೋಳು ನಾನು. ನನ್ನ ಮಗನ್ನ ಉಳ್ಸಿದ್ರು ಅಂತ ಕೊಟ್ಟಿದ್ದು ಅದು. ನನ್ನ ಮಗಳನ್ನ ಸುಳ್ಳಿ ಮಾಡ್ಲಿ ಅಂತ ಕೊಟ್ಟಿದ್ದಲ್ಲ. ಅದು ಎಂತ ಹೇಳ್ಬೇಕೋ ನಾನೇ ಬಂದು ಹೇಳ್ತೀನಿ, ನಿಮ್ಮ ಡಾಕ್ಟ್ರಿಗೆ ಹೇಳು. ಚಾ ಆರ್ತಾ ಐತೆ, ಕುಡಿ."

ಅವನು ಪಾಪ ಕುಡಿದೇ ಹೋದ. ನಮ್ಮ ಮನೆಯಲ್ಲಿ ಬೈಸಿಕೊಂಡವರೂ ಚಹಾ ಕುಡಿಯದೆ ಹೋಗುವಂತಿಲ್ಲ.

ವಿಚಾರಣೆ ಜಿಲ್ಲಾ ಕೇಂದ್ರದಲ್ಲಿತ್ತು. ಮಂಡಳಿ ನೇಮಿಸಿದ ಸಮಿತಿಯಲ್ಲಿ ಒಬ್ಬ ಹಿರಿಯ ವೈದ್ಯೆಯೂ ಇದ್ದರು. ಅಮ್ಮ ಹೇಳಿಕೆ ಕೊಡುವಾಗ ನಾನು ಕೋಣೆಯಲ್ಲಿರಬಹುದೆಂದು ಒಪ್ಪಿದರು. ಅಮ್ಮ ಕುರ್ಚಿಯ ತುದಿಯಲ್ಲಿ ಕೂತು, ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು, ಕಂಡದ್ದನ್ನಷ್ಟೇ ಹೇಳಿದಳು.

"ಒಳಗೆ ಎಂತ ಆಯ್ತು ನಾ ನೋಡಿಲ್ಲ. ನರ್ಸಮ್ಮನ್ನ ಎದುರಿಗಿನ ಔಷಧಿ ಅಂಗಡಿಗೆ ಕಳ್ಸಿದ್ರು, ಅದು ನೋಡೀನಿ. ಅವಳು ಹೋಗ್ತಾ ನನ್ನ ಹತ್ರ ಮಾತಾಡಿಯೇ ಹೋದ್ಲು. ಜಾಡಿ ಕಳ್ಸಿದ್ದು ನಾನು, ಇವಳು ಬರೀ ಹೊತ್ತಿದ್ದು. ಮತ್ತೆ, ಇವಳು ಹೊರಗೆ ಬಂದಾಗ ಚಪ್ಪಲಿ ಹಾಕಿರ್ಲಿಲ್ಲ. ಪರದೆ ಬುಡದಲ್ಲೇ ಬಿಟ್ಟು ಬಂದಿದ್ಲು. ಬರಿಗಾಲಲ್ಲಿ ಬಸ್‌ಸ್ಟ್ಯಾಂಡ್ ತಂಕ ನಡ್ದಳು. ಡಾಂಬರು ಕಾದಿತ್ತು. ನಾನೇ ಚಪ್ಪಲಿ ಕೈಯಲ್ಲಿ ಹಿಡ್ಕಂಡು ಹಿಂದಿಂದ ಹೋದೆ. ಬಸ್ಸಲ್ಲಿ ಕೂತ್ಮೇಲೆ ಕಾಲ ಹತ್ರ ಇಟ್ಟೆ. ಇವಳು ಹಾಕ್ಕಂಡ್ಲು. ನಾ ಎಂತೂ ಕೇಳ್ಲಿಲ್ಲ."

ಹಿರಿಯ ವೈದ್ಯೆ ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು ಅಮ್ಮನ ಕಡೆ ನೋಡುತ್ತಿದ್ದೆ. ಇದರಲ್ಲಿ ಒಂದು ಚೂರೂ ನನಗೆ ನೆನಪಿಲ್ಲ, ಈಗಲೂ ಇಲ್ಲ. ಕಾದ ರಸ್ತೆಯನ್ನು ನನ್ನ ಅಂಗಾಲುಗಳು ತುಳಿದಿವೆ, ಆ ತುಳಿದ ನೆನಪು ಅಮ್ಮನ ಹತ್ತಿರ ಉಳಿದಿದೆ. ನನ್ನ ಬದುಕಿನ ಲೆಕ್ಕವನ್ನು ನಾನೊಬ್ಬಳೇ ಇಟ್ಟುಕೊಂಡಿದ್ದೇನೆ, ಅದರಲ್ಲಿ ಬಿಟ್ಟುಹೋದದ್ದು ಎಲ್ಲಿಯೂ ಇಲ್ಲ ಎಂದುಕೊಂಡು ಇಷ್ಟು ದಿನ ನನ್ನನ್ನೇ ಅನುಮಾನಿಸುತ್ತ ಬಂದವಳಿಗೆ ಅದು ಒಂದು ಬಗೆಯ ಬಿಡುಗಡೆ. ಇನ್ನೊಂದು ಬಗೆಯಲ್ಲಿ ನೋವು. ಚಪ್ಪಲಿ ಹಿಡಿದು ಹಿಂದೆ ಬಂದವಳಿಗೆ ಅಂದೇ ಏನೋ ತಿಳಿದಿತ್ತು.

ವಿಚಾರಣೆಯ ತೀರ್ಮಾನ ಇನ್ನೂ ಬಂದಿಲ್ಲ. ನಿಧಾನವಾಗುತ್ತದೆ ಎಂದು ವಸುಂಧರಾ ಮೊದಲೇ ಹೇಳಿದ್ದಳು. ಪ್ರತಿ ವಾರ ಫೋನು ಮಾಡಿ, ಊಟ ಮಾಡಿದೆಯಾ ಎಂಬುದರಿಂದ ಶುರುಮಾಡುತ್ತಾಳೆ.

ವಿಚಾರಣೆಯ ದಿನ ಹಿಂತಿರುಗುವಾಗ ಬಸ್ಸು ಆಯನೂರು ದಾಟಿತು. ಅಮ್ಮ ಕಿಟಕಿಯ ಪಕ್ಕ ಕೂತು ಚೀಲವನ್ನು ಎದೆಗೆ ಒತ್ತಿ ಹಿಡಿದಿದ್ದಳು. ನಾನು ಕೇಳಿದೆ.

"ಅಷ್ಟೆಲ್ಲ ನೋಡಿದ್ದೋಳು ಅವತ್ತೇ ಯಾಕೆ ಕೇಳ್ಲಿಲ್ಲಮ್ಮ?"

ಅವಳು ಹೊರಗೆ ನೋಡುತ್ತಲೇ ಇದ್ದಳು.

"ಕೇಳಿದ್ರೆ ನೀ ಹೇಳ್ಬಿಡ್ತಿದ್ದೆ. ಅದಕ್ಕೆ."

ನಾನು ಅವಳ ಕೈಯಿಂದ ಚೀಲವನ್ನು ಬಿಡಿಸಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಅವಳು ಬೇಡವೆನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಮುಖವನ್ನು ಈ ಕಡೆ ತಿರುಗಿಸಿ, "ಈಗ ಹೇಳು" ಎಂದಳು.