ಅಪ್ಪನ ತಲೆಯ ಮೇಲಿದ್ದ ಇಂಗ್ಲಿಷ್ ಪದ

ಭಾಲ್ಕಿಯ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಕಲಿಸಿದ ಅಷ್ಟೂ ವರ್ಷ ‘ಕ್ಯಾರಿ’ ಎಂಬ ಒಂದೇ ಕ್ರಿಯಾಪದಕ್ಕೆ ಪೂರ್ತಿ ಒಂದು ತಾಸು ಕೊಟ್ಟಿದ್ದೇನೆ. ‘ಹೊರುವುದು’ ಎಂದು ಹೇಳಿ ಕೈತೊಳೆದುಕೊಳ್ಳುವವರ ಮೇಲೆ ನನಗೆ ಸಿಟ್ಟು. ಬಸುರಿ ಮಗುವನ್ನು ಹೊರುವುದೂ ಕ್ಯಾರಿ, ಕೂಡುವ ಲೆಕ್ಕದಲ್ಲಿ ದಶಕ ಒಯ್ಯುವುದೂ ಕ್ಯಾರಿ, ದನಿ ದೂರದವರೆಗೆ ಕೇಳಿಸಿದರೆ ಅದೂ ಕ್ಯಾರಿ. ಜೊತೆಯ ಶಿಕ್ಷಕರು ನಗುತ್ತಿದ್ದರು. ನಗಲಿ ಬಿಡಿ, ಆ ಪದ ನಮ್ಮ ಮನೆಯದು.

ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಔರಾದ್ ತಾಲ್ಲೂಕಿನ ಠಾಣಾ ಕುಶನೂರಿನ ಶಾಲೆಯಲ್ಲಿ ಓದುತ್ತಿದ್ದೆ. ನಮ್ಮ ಓಣಿಯಿಂದ ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ. ಊರಿಗೆ ಯಾವ ಅಧಿಕಾರಿ ಬಂದರೂ ಅವರ ಪೆಟ್ಟಿಗೆ, ಹಾಸಿಗೆಯನ್ನು ನಮ್ಮ ಓಣಿಯವರೇ ಬಿಟ್ಟಿಯಾಗಿ ಹೊರಬೇಕಿತ್ತು. ಅದಕ್ಕೆ ಬೇಗಾರ ಎನ್ನುತ್ತಿದ್ದರು. ಸರ್ಕಾರ ಬದಲಾಗಿತ್ತು, ಊರಿನ ಯಜಮಾನರಾದ ಪಾಟೀಲರು ಹೇಳಿಕಳಿಸುವುದು ಬದಲಾಗಿರಲಿಲ್ಲ.

ಶಾಲೆಯ ತಪಾಸಣೆಗೆ ಮೈಸೂರು ಕಡೆಯ ಇನ್ಸ್‌ಪೆಕ್ಟರು ಬರುವ ದಿನ ಕರೆ ಬಂದದ್ದು ನನ್ನ ಅಪ್ಪನಿಗೆ. ಹೊರಡುವಾಗ ಅಪ್ಪ ನನ್ನ ಕಡೆ ನೋಡದೆ ಹೇಳಿದ:

“ಸಾಹೇಬ್ರ ಮುಂದ ನಾ ನಿಮ್ಮಪ್ಪ ಅಂತ ಹೇಳಬ್ಯಾಡವ್ವ. ನಿನ್ನ ನಪಾಸ್ ಮಾಡ್ಯಾರು.”

ನಾನು ಆಗಲೆಂದು ತಲೆಯಾಡಿಸಿದೆ.

ಪಾಟೀಲರು ತರಗತಿಯಲ್ಲಿ ಇನ್ಸ್‌ಪೆಕ್ಟರ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅಪ್ಪ ಹೊರಗೆ ಬೇವಿನ ಗಿಡದ ಕೆಳಗೆ, ಪೆಟ್ಟಿಗೆ ಕಾಯುತ್ತಾ ಕುಕ್ಕರುಗಾಲಲ್ಲಿದ್ದ. ಇನ್ಸ್‌ಪೆಕ್ಟರು ನನ್ನನ್ನೇ ಎಬ್ಬಿಸಿ, ‘ಕ್ಯಾರಿ’ ಬಳಸಿ ಒಂದು ವಾಕ್ಯ ಹೇಳು ಎಂದರು. ಪುಸ್ತಕದಲ್ಲಿ ‘ಕೂಲಿ ಪೆಟ್ಟಿಗೆ ಹೊರುತ್ತಾನೆ’ ಎಂದಿತ್ತು. ನನಗದು ಬಾಯಿಪಾಠವಾಗಿತ್ತು. ಆದರೆ ಕಿಟಕಿಯಿಂದ ಅಪ್ಪ ಕಾಣುತ್ತಿದ್ದ.

“ಮೈ ಫಾದರ್ ಕ್ಯಾರೀಸ್ ಯುವರ್ ಬಾಕ್ಸ್, ಸರ್,” ಎಂದೆ.

ಇನ್ಸ್‌ಪೆಕ್ಟರು ಕಿಟಕಿಯಾಚೆ ನೋಡಿದರು. “ಅವರು ಶಾಲೆಯ ಜವಾನರಲ್ವೇನ್ರೀ ಮೇಷ್ಟ್ರೇ?”

ಮಾಸ್ತರರು ಬೆವರೊರೆಸಿಕೊಂಡರು. “ಅಲ್ಲರೀ. ಇಲ್ಲಿ ಮೊದಲಿಂದ ಹಿಂಗ ನಡದದರಿ. ನಿಮಗ ಗೊತ್ತಿರತದ ಅಂತ ತಿಳದಿದ್ವಿ.”

ಹೊಸ ರಾಜ್ಯದ ಸಾಹೇಬರೂ ಇದನ್ನೇ ಬಯಸುತ್ತಾರೆ ಎಂದು ಊರು ತಿಳಿದಿತ್ತು. ಪಾಪ, ಅವರು ಅಪ್ಪನನ್ನು ಸಂಬಳದ ಆಳು ಎಂದುಕೊಂಡಿದ್ದರು. ಇನ್ಸ್‌ಪೆಕ್ಟರು ನನಗೆ ಕೂಡಲು ಹೇಳಿ, ನಿಧಾನವಾಗಿ ಇಡೀ ತರಗತಿಗೆ ಹೇಳಿದರು:

“ಈ ಪದ ಹುಟ್ಟಿದ್ದು ಗಾಲಿಯ ಬಂಡಿಯಿಂದ, ಮಕ್ಕಳೇ. ಗಾಡಿಯಲ್ಲಿ ಸಾಗಿಸು ಅನ್ನೋದೇ ಇದರ ಮೊದಲ ಅರ್ಥ.” ಆಮೇಲೆ ಪಾಟೀಲರತ್ತ ತಿರುಗಿದರು. “ನಿಮ್ಮ ಮನೇಲಿ ಗಾಡಿ ಇದೆಯಲ್ವಾ?”

ತಪಾಸಣೆ ಮುಗಿದಾಗ ಅಪ್ಪ ರೂಢಿಯಂತೆ ತಲೆಗೆ ಸಿಂಬಿ ಇಟ್ಟುಕೊಂಡು ಎದ್ದು ನಿಂತ. ಇನ್ಸ್‌ಪೆಕ್ಟರು ಬೇಡವೆಂದು ಕೈ ಮಾಡಿದರು. ಪೆಟ್ಟಿಗೆ ಪಾಟೀಲರ ಗಾಡಿಯಲ್ಲಿ ಹೋಯಿತು. ಅಪ್ಪನಿಗೆ ಬರಿಗೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಎಷ್ಟೋ ವರ್ಷದ ಮೇಲೆ ಬೀದರಿನ ಕಾಲೇಜಿನಲ್ಲಿ ದಪ್ಪ ನಿಘಂಟು ತೆಗೆದು ನೋಡಿದೆ. ಸಾಹೇಬರು ಹೇಳಿದ್ದು ನಿಜವಾಗಿತ್ತು.

ತಪಾಸಣೆಯ ದಿನ ಸಂಜೆಯೇ ಪಾಟೀಲರು ನಮ್ಮ ಓಣಿಯ ಬಾಯಿಗೆ ಬಂದು ನಿಂತರು. ಅಪ್ಪನಿಗೆ ಬೈಗುಳ ಕಾದಿದೆ ಎಂದು ನಾನು ಅವ್ವನ ಸೀರೆ ಹಿಡಿದು ಬಾಗಿಲ ಹಿಂದೆ ನಿಂತೆ.

“ನಿನ್ನ ಮಗಳ ನಾಲಿಗಿ ಭಾಳ ಉದ್ದ ಆಗ್ಯಾದಲ್ಲೋ,” ಎಂದರು ಪಾಟೀಲರು.

ಅಪ್ಪ ಕೈಮುಗಿದ. ಆದರೆ ಆ ದಿನ ತಲೆ ತಗ್ಗಿಸಲಿಲ್ಲ.

“ಹೌದ್ರಿ ಪಾಟೀಲ್ರ,” ಎಂದ. “ಅದಕ್ಕೇ ಸಾಲಿಗಿ ಕಳ್ಸೀನ್ರಿ.”